ಆ್ಯಕ್ಚುಲಿ ಏನಾಯ್ತಂದ್ರೆ

ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ 'ಆ್ಯಕ್ಚುಲಿ' ಅಂತ ಬಾಯಿ ತೆರೆದರೆ ನೀರಿನ ಟ್ಯಾಂಕರು ಬಂದಿಲ್ಲ ಅಂತಲೇ ಅರ್ಥ. ಲಿಫ್ಟ್ ರಿಪೇರಿಯ ಲೆಕ್ಕ ಕೇಳಿದರಂತೂ ಜೋಡಿಯಾಗಿ ಬರುತ್ತದೆ. ಕೆಮ್ಮುವ ಮುಂಚೆ ಒಂದು, ಕೆಮ್ಮಿದ ಮೇಲೊಂದು.

ಹೋದ ಸಲದ ಮೀಟಿಂಗಿಗೆ ನಾನು ಜುಬ್ಬಾದ ಎಡಜೇಬಿನ ತುಂಬ ಹುರಿದ ಕಡಲೆಬೀಜ ತುಂಬಿಕೊಂಡು ಹೋದೆ. ಅವರು ಒಂದು ಆ್ಯಕ್ಚುಲಿ ಅಂದರೆ ಬಲಜೇಬಿಗೆ ಒಂದು ಬೀಜ. ಈ ವಯಸ್ಸಿನಲ್ಲಿ ಮಾಡುವ ಕೆಲಸವಲ್ಲ, ನಿಜ. ಆದರೆ ಎಂಥ ಸುಖ! ಬಜೆಟ್ ಮುಗಿಯುವ ಹೊತ್ತಿಗೆ ಜುಬ್ಬಾ ಬಲಕ್ಕೆ ಜೋಲತೊಡಗಿತ್ತು. ಅಷ್ಟರಲ್ಲಿ ಪಕ್ಕದ ಕುರ್ಚಿಯ ನಿವೃತ್ತ ಎಂಜಿನಿಯರರು ಸಾಗಣೆಯಲ್ಲಿದ್ದ ಬೀಜವನ್ನು ಕಂಡು ಸಂಕೋಚವಿಲ್ಲದೆ ಕೈಯೊಡ್ಡಿದರು. ಕೊಡದಿದ್ದರೆ ಮರ್ಯಾದೆ ಹೋಗುತ್ತದೆ, ಕೊಟ್ಟರೆ ಲೆಕ್ಕ ಹೋಗುತ್ತದೆ. ಕೊಟ್ಟೆ. ಅವರಿನ್ನೂ ಅಗಿಯುತ್ತಿರುವಾಗಲೇ ವೇದಿಕೆಯಿಂದ ಇನ್ನೆರಡು ಉದುರಿದವು. ಗಾಬರಿಯಲ್ಲಿ ಜೇಬಿಗೆ ಹೋಗಬೇಕಾದದ್ದು ನನ್ನ ಬಾಯಿಗೇ ಹೋಯಿತು. "ಇನ್ನೂ ಇದೆಯಾ?" ಅಂದರು ಎಂಜಿನಿಯರರು. "ಆ್ಯಕ್ಚುಲಿ, ಖಾಲಿ" ಅಂದುಬಿಟ್ಟೆ. ಇದಕ್ಕೂ ಒಂದು ಬೀಜ ದಾಟಿಸಬೇಕೋ ಬೇಡವೋ ಎಂಬ ಧರ್ಮಸಂಕಟ ಬೇರೆ.

ಈ ಪದದ ಬೇರು ಲ್ಯಾಟಿನ್ನಿನ 'ಆಕ್ಟುಸ್'. ಅಂದರೆ ಮಾಡುವ ಕೆಲಸ, ಕ್ರಿಯೆ. ನಾವೋ, ಮಾಡದ ಕೆಲಸಕ್ಕೇ ಇದನ್ನು ಮೀಸಲಿಟ್ಟಿದ್ದೇವೆ. ಇದರದೇ ದಾಯಾದಿಗಳಾದ ಫ್ರೆಂಚಿನ 'ಆಕ್ಟ್ಯುಎಲ್‌ಮಾಂ', ಸ್ಪ್ಯಾನಿಷ್‌ನ 'ಆಕ್ತುಆಲ್ಮೆಂತೆ' ಎರಡಕ್ಕೂ 'ಸದ್ಯಕ್ಕೆ' ಎಂದೇ ಅರ್ಥ. ಸಾಲ ತಗೊಂಡವನ 'ಆ್ಯಕ್ಚುಲಿ ದುಡ್ಡಿಲ್ಲ' ಎಂಬುದನ್ನು ಫ್ರೆಂಚರ ಕಿವಿಯಿಂದ ಕೇಳಿಸಿಕೊಂಡರೆ ಕೊಂಚ ಆಸೆಯಾದರೂ ಉಳಿಯುತ್ತದೆ.

ಈ ಪದ ಕೂತ ಜಾಗದ ಮೇಲೆ ಇದರ ಗುಣ. ಮಾತಿನ ಮೊದಲಲ್ಲಿದ್ದರೆ ನೆಪ. ನಡುವೆ ನುಸುಳಿತೋ ಅಚ್ಚರಿ, ನಾನು ಮಾಡಿದ ಸಾರು ಸವಿದ ನಾದಿನಿ ಹುಬ್ಬೇರಿಸಿ "ಸಾರು ಆ್ಯಕ್ಚುಲಿ ಚೆನ್ನಾಗಿದೆ!" ಅಂದ ಹಾಗೆ. ಬರೀ 'ಚೆನ್ನಾಗಿದೆ' ಅಂದಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು?

ಚಿಕ್ಕಮ್ಮನ ಸ್ಕ್ಯಾನ್ ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಆ್ಯಕ್ಚುಲಿ..." ಅಂದಾಗ ಮಾತ್ರ ನನ್ನ ನಾಲಿಗೆ ಒಣಗಿತು. ಮುಂದೆ ಏನು ಬೇಕಾದರೂ ಬರಬಹುದಿತ್ತು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, "ಆ ಪದ ಬಿಟ್ಟು ಮುಂದಿನದು ಹೇಳಿ ಡಾಕ್ಟ್ರೇ, ತಡ್ಕೋತೀನಿ" ಅಂದರು.

ಡಾಕ್ಟರು ಬಾಯಿ ತೆರೆದರು, ಮುಚ್ಚಿದರು. ಮಾತು ಶುರುಮಾಡಲು ಅವರಿಗೆ ಬೇರೆ ದಾರಿಯೇ ತಿಳಿದಿದ್ದಂತಿರಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಬೇಸಿಕಲಿ..." ಅಂದರು.