ಮೂರು ರಾತ್ರಿಯ ಸಿಂಗಾಪುರದವರು

ಪರದೇಶದಲ್ಲಿ ಮೂವತ್ತು ವರ್ಷ ಸವೆಸಿ ಬಂದವರು ಆ ಊರಿನ ಸುದ್ದಿ ಎತ್ತುವುದೇ ಇಲ್ಲ. ಮೂರು ರಾತ್ರಿ, ನಾಲ್ಕು ಹಗಲಿನ ಪ್ಯಾಕೇಜಿನಲ್ಲಿ ಹೋಗಿ ಬಂದವರು ಮಾತ್ರ ಆ ಊರನ್ನು ಬಿಡುವುದಿಲ್ಲ. ನವಿ ಮುಂಬಯಿಯ ಕಾಮೋಠೆಯಲ್ಲಿ ಯಾವ ಸೊಸೈಟಿ ಹೊಕ್ಕರೂ ಇಂಥವರೊಬ್ಬರು ಸಿಗುತ್ತಾರೆ. ಒಂದು ಕಡೆ ದುಬೈ, ಇನ್ನೊಂದು ಕಡೆ ಬ್ಯಾಂಕಾಕ್. ನಮ್ಮ ಪಾಲಿಗೆ ಬಂದದ್ದು ಸಿಂಗಾಪುರ; ಅದೂ ಎದುರು ಬಾಗಿಲಿಗೇ. ಉಡುಪಿ ಕಡೆಯ ಹಿರಿಯರು. ಸೊಸೈಟಿಯ ಮಕ್ಕಳಿಗೆ ಸಿಂಗಾಪುರ ಕಾಕಾ, ನನಗೆ ಅಣ್ಣ.

ಅವರ ಹಾಲಿನಲ್ಲಿ ಎರಡು ಗಡಿಯಾರಗಳಿವೆ. ಒಂದು ಎರಡೂವರೆ ಗಂಟೆ ಮುಂದೆ. ರಾತ್ರಿ ಒಂಬತ್ತಕ್ಕೆ ಹೋದರೆ, "ಅಲ್ಲಿ ಈಗ ಹನ್ನೊಂದೂವರೆ" ಎಂದು ದನಿ ತಗ್ಗಿಸುತ್ತಾರೆ, ಅಲ್ಲಿಯವರಿಗೆ ಎಚ್ಚರವಾದೀತು ಎಂಬಂತೆ. ಮೆರ್ಲಯನ್ ಎಂದರೇನು ಎಂದು ನಾನು ಕೇಳಿರಲಿಲ್ಲ. ಆದರೂ ಹೇಳಿದರು: "ಸಿಂಹದ ತಲೆ ಮಾರಾಯ್ರೆ, ಕೆಳಗೆ ನೋಡಿದರೆ ಅಂಜಲ್!" ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲಿಗೆ ಕಾಯುತ್ತಾ ನಾನು ವಡಾಪಾವಿಗೆ ಬಾಯಿ ಹಾಕಿದರೆ, ಅಲ್ಲಿ ರೈಲಿನೊಳಗೆ ತಿಂದರೆ 500 ಡಾಲರ್‌ವರೆಗೆ ದಂಡವೆಂದು ರೂಪಾಯಿಗೆ ಲೆಕ್ಕ ಮಾಡಿ ಒಪ್ಪಿಸುತ್ತಾರೆ. ಆಮೇಲೆ ಅರ್ಧ ಮುರಿದುಕೊಳ್ಳುತ್ತಾರೆ.

ಅವರ ದೊಡ್ಡ ದುಃಖ ಇತಿಹಾಸದ್ದು. "ಸಿಂಗಾಪುರ ಸ್ವತಂತ್ರ ಆದದ್ದು 1965ರಲ್ಲಿ. ನಮ್ಮ ನವಿ ಮುಂಬಯಿ ಕಟ್ಟಿದ ಸಿಡ್ಕೋ ಹುಟ್ಟಿದ್ದು 1970ರಲ್ಲಿ. ಬರೀ ಐದು ವರ್ಷ! ಹೇಳಿ, ಎಲ್ಲಿ ತಪ್ಪಿತು?" ಈ ಪ್ರಶ್ನೆಯನ್ನು ಅವರು ನನ್ನನ್ನೇ ಕೇಳುತ್ತಾರೆ. ನಾನು ಸಿಡ್ಕೋದವನಲ್ಲ, ಬರೀ ಬಾಡಿಗೆಯವನು.

ಇದನ್ನೆಲ್ಲ ಸಹಿಸಬಹುದಿತ್ತು. ಸೊಳ್ಳೆಯ ವಿಷಯಕ್ಕೆ ಬರುತ್ತೇನೆ.

ಕಾಮೋಠೆಯಲ್ಲಿ ಹೊತ್ತು ಮುಳುಗಿದೊಡನೆ ಕಿಟಕಿ ಹಾಕಬೇಕು; ಖಾಡಿಯ ಕಡೆಯಿಂದ ಮೆರವಣಿಗೆ ಹೊರಟಿರುತ್ತದೆ. ಅಣ್ಣನಿಗೆ ಬಸ್ಸಿನ ಗೈಡ್ ಹೇಳಿದ್ದನಂತೆ: ಸಿಂಗಾಪುರದಲ್ಲಿ ಮನೆಯೊಳಗೇ ಬಂದು ಹೂಕುಂಡದ ತಟ್ಟೆ ನೋಡುತ್ತಾರೆ, ಸೊಳ್ಳೆಮರಿ ಕಂಡರೆ ದಂಡ. ಆ ಅಧಿಕಾರವನ್ನು ಅಣ್ಣ ತಾವೇ ವಹಿಸಿಕೊಂಡರು. ಸಂಜೆ ಏಳಕ್ಕೆ ಟಾರ್ಚ್ ಹಿಡಿದು ಮಹಡಿಯಿಂದ ಮಹಡಿಗೆ ತಪಾಸಣೆ. ಮೂರನೇ ಮಹಡಿಯ ವಹಿನಿಯ ತುಳಸಿ ತಟ್ಟೆ ಬರಿದಾಯಿತು. ನನ್ನ ಹೆಂಡತಿ ಗುಬ್ಬಿಗಳಿಗೆಂದು ಇಟ್ಟ ಬೋಗುಣಿಯೂ ಬರಿದಾಯಿತು. ಅವಳು ಮತ್ತೆ ತುಂಬಿದಳು, ಅವರು ಮತ್ತೆ ಚೆಲ್ಲಿದರು. ನಡುವೆ ಗುಬ್ಬಿ ಬೇರೆ ವಿಂಗ್‌ಗೆ ಹೋಯಿತು. ನಾನು ಅವಳೆದುರು ಅವಳ ಪರ, ಅಣ್ಣನೆದುರು ಅಣ್ಣನ ಪರ ಮಾತಾಡಿ ಎರಡೂ ಕಡೆ ಬೈಸಿಕೊಂಡೆ.

ಮಳೆಗಾಲದಲ್ಲಿ ಪಾಲಿಕೆಯ ಹುಡುಗಿಯರು ಡೆಂಗಿ ತಪಾಸಣೆಗೆ ಬಂದರು. ಅಣ್ಣ ಟಾರ್ಚ್ ಹಿಡಿದು ಅವರಿಗೆ ದಾರಿ ತೋರಿಸುತ್ತ ಇಡೀ ಬಿಲ್ಡಿಂಗ್ ಸುತ್ತಿಸಿದರು. ಎಲ್ಲೂ ಏನೂ ಇಲ್ಲ. ಕಡೆಗೆ ಅವರದೇ ಮನೆ. ಟಿವಿಯ ಪಕ್ಕದಲ್ಲಿ, ಸಿಂಗಾಪುರದಲ್ಲಿ ನೋಡಿ ವಾಶಿಯಲ್ಲಿ ಕೊಂಡ ಲಕ್ಕಿ ಬ್ಯಾಂಬೂ. ಅದರ ಗಾಜಿನ ನೀರಿನಲ್ಲಿ ಮರಿಗಳು ನೆಮ್ಮದಿಯಾಗಿ ಈಜುತ್ತಿದ್ದವು. ನಾನು ಕಣ್ಣರಳಿಸಿ ಅಣ್ಣನ ಮುಖ ನೋಡಿದೆ. ಅವರು ಒಂದಿಷ್ಟೂ ಬೆದರಲಿಲ್ಲ. "ಜಾತಿ ಒಳ್ಳೆಯದೇ ಮಾರಾಯ್ರೆ, ಇಲ್ಲಿನ ನೀರು ಕುಡಿದು ಕೆಟ್ಟಿತು."

ಅಣ್ಣ ಹುಡುಗರಾಗಿದ್ದಾಗ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾದವರು. ರಜೆ ಎಂದರೆ ಊರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ತನಕ ಘಾಟಿ ಇಳಿಯುವ ಬಸ್ಸು, ಆಮೇಲೆ ರೈಲು. ತಂಗಿಯ ಮದುವೆ, ಮಾಡಿನ ಹಂಚು, ಯಾರದೋ ಸಾವಿನ ಬೊಜ್ಜ. ಊರಿಗೆ ಹೋದ ಮೇಲೂ ದಿನಕ್ಕೆ ನಾಲ್ಕು ಮನೆ ಹತ್ತಿಳಿಯಬೇಕು, ಇಲ್ಲವಾದರೆ ಮುನಿಸು. ಸಿಂಗಾಪುರದ ಮೊದಲ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಕೋಣೆಯಲ್ಲಿ ಸುಮ್ಮನೆ ಕೂತರಂತೆ. ಅತ್ತಿಗೆ ಹೇಳಿದ್ದು. "ಏನು?" ಎಂದರೆ, "ಅಲ್ಲ, ಇಲ್ಲಿ ನಮಗೆ ಹೋಗಲೇಬೇಕಾದ ಮನೆ ಒಂದೂ ಇಲ್ಲವಲ್ಲ!" ಎಂದರಂತೆ. ಅದನ್ನು ಕೇಳಿದ ಮೇಲೆ ಆ ಎರಡನೇ ಗಡಿಯಾರ ನನಗೆ ಅಷ್ಟು ಕಿರಿಕಿರಿ ಮಾಡುತ್ತಿಲ್ಲ. ಬೋಗುಣಿಯ ವಿಷಯ ಬೇರೆ.

ಉಲ್ವೆಯ ವಿಮಾನ ನಿಲ್ದಾಣ 2025ರಲ್ಲಿ ಶುರುವಾದಂದಿನಿಂದ ಅಣ್ಣ ನಮ್ಮನ್ನು ಕಳಿಸುವ ಹಟಕ್ಕೆ ಬಿದ್ದಿದ್ದಾರೆ. ಯಾವ ಹೊತ್ತಿಗೆ ಮೆರ್ಲಯನ್, ಯಾವ ಚೀಲದಲ್ಲಿ ಅವಲಕ್ಕಿ, ಎಲ್ಲವನ್ನೂ ಬರೆದು ಕೊಟ್ಟಿದ್ದಾರೆ. ನನ್ನ ಹೆಂಡತಿ ಆ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟಿದ್ದಾಳೆ.

"ನೀವೂ ಬನ್ನಿ ಅಣ್ಣ, ಇನ್ನೊಮ್ಮೆ" ಎಂದೆ, ಬಾಯಿಮಾತಿಗೆ.

"ನಾವು ನೋಡಿ ಆಯ್ತಲ್ಲ" ಎಂದರು. "ಅಲ್ಲದೆ ಊರಿಗೆ ಹೋಗ್ಲಿಕ್ಕುಂಟು, ಮನೆಯಲ್ಲಿ ದೈವದ ನೇಮ."