ದಂಡಪಾಣಿ ರಾಯರು

ನಮ್ಮ ಬೀದಿಯ ರಾಯರಿಗೆ ‘ದಂಡಪಾಣಿ’ ಎಂಬುದು ಮಾತಾಪಿತೃಗಳು ಇಟ್ಟ ನಾಮಧೇಯವಲ್ಲ. ಬಲಗೈಯಲ್ಲಿ ಕೊಡೆಯನ್ನೂ ನಾಲಗೆಯ ತುದಿಯಲ್ಲಿ ವಿದ್ಯುತ್ ಕಂಪನಿಗೆ ವಿಧಿಸತಕ್ಕ ದಂಡವನ್ನೂ ಸದಾ ಧರಿಸಿಯೇ ಸಂಚರಿಸುವ ಅವರಿಗೆ ನಾವು ದಯಪಾಲಿಸಿದ ಬಿರುದು. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಬಾಗಿಲಿಲ್ಲದ ಫ್ಯೂಸ್ ಪೆಟ್ಟಿಗೆಯನ್ನೋ ಬೇಲಿಯಿಲ್ಲದ ಟ್ರಾನ್ಸ್‌ಫಾರ್ಮರನ್ನೋ ಕಂಡೊಡನೆ ಅವರ ಮುಖದಲ್ಲಿ ಮೂಡುವ ಕಳೆಯನ್ನು ಮಹಾಮಂಗಳಾರತಿಯ ಹೊತ್ತಿನಲ್ಲಿಯೂ ನಾನು ಕಂಡಿಲ್ಲ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 142ನೆಯ ಪ್ರಕರಣ ಅವರಿಗೆ ಸಂಧ್ಯಾವಂದನೆಯಷ್ಟೇ ಕಂಠಸ್ಥ: ಉಲ್ಲಂಘನೆಯೊಂದಕ್ಕೆ ನಿಯಂತ್ರಣ ಆಯೋಗವು 1 ಲಕ್ಷ ರೂಪಾಯಿ ಮೀರದಂತೆ ದಂಡ ಹಾಕಬಹುದು, ಆಮೇಲೂ ತಿದ್ದಿಕೊಳ್ಳದಿದ್ದರೆ ದಿನವೊಂದಕ್ಕೆ 6000ದವರೆಗೆ. “ಮೂಲೆಮನೆ ಮುಂದಿನ ತಂತಿಯೊಂದರಲ್ಲೇ, ಸ್ವಾಮಿ, ಐದು ತಿಂಗಳಿಗೆ ಹತ್ತು ಲಕ್ಷ!” ಎಂದು ಅವರು ಲೆಕ್ಕ ಒಪ್ಪಿಸುವಾಗ, ಆಯೋಗ ಇನ್ನೂ ಆಜ್ಞೆಯನ್ನೇ ಹೊರಡಿಸಿಲ್ಲವೆಂದು ನೆನಪಿಸಲು ಬಾಯಿ ಬಾರದು. ಮಳೆಯಿರುಳಿನಲ್ಲಿ ಸೈಕಲ್ಲೇರಿ ಹೋಗುತ್ತಿದ್ದವನೊಬ್ಬ ರಸ್ತೆಗೆ ಬಿದ್ದ ತಂತಿ ತಗುಲಿ ಸತ್ತದ್ದಕ್ಕೆ ಕೊಕ್ಕೆ ಹಾಕಿದ ಕಳ್ಳನೇ ಹೊಣೆಯೆಂದ ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ವಾದವನ್ನು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ ವೃತ್ತಾಂತವನ್ನು ಅವರು ಮದುವೆಯೂಟದ ಪಂಕ್ತಿಯಲ್ಲಿಯೂ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿನಲ್ಲಿಯೇ, ವರ್ಣಿಸಬಲ್ಲರು.

ಅವರನ್ನು ದೂರದಿಂದ ಕಂಡರೆ ಪಕ್ಕದ ಗಲ್ಲಿ ಹಿಡಿಯುವ ನಾನು, ಫಾಲ್ಗುಣದ ಒಂದು ಬೆಳಿಗ್ಗೆ ತರಕಾರಿಚೀಲದೊಡನೆ ಸಿಕ್ಕಿಬಿದ್ದೆ. ಬೀದಿಗೆ ಅಡ್ಡಹಾಯುವ ತಂತಿ ನೆಲದಿಂದ 5.8 ಮೀಟರಾದರೂ ಮೇಲಿರಬೇಕೆಂಬುದು ನಿಯಮ. ಗಳು ಎತ್ತಿ ಅಳೆಯುವುದು ಪ್ರಾಣಕ್ಕೆ ಸಂಚಕಾರವಾದ್ದರಿಂದ, ತಂತಿಯ ನೆರಳನ್ನೂ ಕೊಡೆಯ ನೆರಳನ್ನೂ ಅಳೆದು ತ್ರೈರಾಶಿಕದಿಂದ ಎತ್ತರ ತೆಗೆಯುವುದು ರಾಯರ ಉಪಾಯ. ಕೊಡೆಯನ್ನು ಮಡಿಚಿ ನೆಟ್ಟಗೆ ಹಿಡಿದು ನಿಲ್ಲುವ ಗೌರವ ನನ್ನ ಪಾಲಿಗೆ ಬಂತು. ಮುಕ್ಕಾಲು ಗಂಟೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಕೈಯಲ್ಲೇ ಇದ್ದ ಕೊಡೆಯನ್ನು ಬಿಚ್ಚುವ ಅಧಿಕಾರವಿಲ್ಲದೆ ನಿಂತ ನನ್ನನ್ನು ಕಂಡು ಶಾಲೆಯ ಮಕ್ಕಳು ನಕ್ಕುಹೋದರು. ಫಲಿತಾಂಶ: 4.9.

ಅರ್ಜಿ ಹೋಯಿತು, ತಿಂಗಳ ಮೇಲೆ ಲೈನ್‌ಮನ್ ಹುಡುಗನೊಬ್ಬ ಏಣಿ ಹೊತ್ತು ಬಂದ. ಗೆದ್ದೆವೆಂದು ನಾನು ಹಿಗ್ಗುತ್ತಿರಲು, ರಾಯರು ಅವನ ಬರಿಗೈಗಳನ್ನೇ ನೋಡುತ್ತ ನಿಂತರು.

“ಗ್ಲೌಸ್ ಎಲ್ಲಪ್ಪ?”

“ಒಂದೇ ಜೊತೆ ಐತೆ ಸಾರ್, ಅದೂ ಹರಿದೈತೆ. ಲೈನ್ ಆಫ್ ಮಾಡ್ಸಿದೀನಿ, ಬಿಡಿ.”

“ನೀನು ಮೇಲಿರುವಾಗ ಯಾರಾದರೂ ಆನ್ ಮಾಡಿದರೆ? ನಿನ್ನ ತಾಯಿಗೆ 142ನೆಯ ಪ್ರಕರಣವನ್ನು ನಾನು ಓದಿ ಹೇಳಲೇ?”

ಅಷ್ಟು ಮೆಲ್ಲಗೆ ರಾಯರು ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹುಡುಗ ಅವರ ಜಗಲಿಯಲ್ಲಿ ಕಾಫಿ ಕುಡಿದು, ಏಣಿ ಹೊತ್ತು ಹಿಂದಿರುಗಿದ. ತಂತಿ ಈಗಲೂ ಅಲ್ಲಿಯೇ ತೂಗುತ್ತಿದೆ; ಗ್ಲೌಸಿಗಾಗಿ ಬರೆದ ಹೊಸ ಅರ್ಜಿಯಲ್ಲಿ ರಾಯರ ರುಜುವಿನ ಕೆಳಗೆ ನನ್ನದೂ ಇದೆ.