ಹೀರೋ ಇಲ್ಲದ ಕ್ಯಾರವಾನ್

ನಮ್ಮ ಗಾಜನೂರಿಗೆ ಬರುವವರು ತುಂಗಾ ಅಣೆಕಟ್ಟು ನೋಡಲು ಬರುತ್ತಾರೆ, ಇಲ್ಲವೇ ಪಕ್ಕದ ಸಕ್ರೆಬೈಲಿನ ಆನೆ ನೋಡಲು. ಗಾಜನೂರಿನವರನ್ನು ನೋಡಲೆಂದೇ ಬಂದವರು ನನಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ. ಮುಂಗಾರಿನಲ್ಲಿ ಡ್ಯಾಂ ತುಂಬಿ ಗೇಟು ಎತ್ತಿದ ದಿನ ಟಿ.ವಿ.ಯಲ್ಲಿ ನಮ್ಮೂರ ಹೆಸರು ಓಡುತ್ತದೆ. ಆಮೇಲೆ ಮುಂದಿನ ಮುಂಗಾರಿನವರೆಗೆ ನಾವು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸು ಒಂದು ಗಳಿಗೆ ನಿಂತು ಹೋಗುವ ಜಾಗ, ಅಷ್ಟೇ. ಹಾಗಾಗಿ ಸಂಕ್ರಾಂತಿ ಕಳೆದ ಮೇಲೊಂದು ದಿನ ಮಿನಿ ಬಸ್ಸಿನಷ್ಟು ದೊಡ್ಡ ಬಿಳಿ ಗಾಡಿಯೊಂದು ನಮ್ಮ ಮನೆ ಎದುರು ಬಂದು ನಿಂತಾಗ ಕೇರಿಗೆ ಕೇರಿಯೇ ಹೊರಗೆ ಬಂತು. ಇಳಿದವನು ಬೆಂಗಳೂರಿನ ನನ್ನ ಭಾವಮೈದ. ಜನಕ್ಕೆ ನಿರಾಶೆಯಾಯಿತು. ನನ್ನ ಮದುವೆಯಿಂದ ಈಚೆಗೆ ಎಲ್ಲರೂ ನೋಡಿ ನೋಡಿ ಸಾಕಾದ ಮುಖ ಅದು.

"ಭಾವ, ಇದು ಕ್ಯಾರವಾನ್. ಬಾಡಿಗೆಗೆ ತಂದಿದ್ದೀನಿ. ಒಳಗೆ ಹಾಸಿಗೆ ಇದೆ, ಟಾಯ್ಲೆಟ್ ಇದೆ, ಒಲೆ, ಸಿಂಕು, ಫ್ರಿಜ್ಜು ಎಲ್ಲ ಇದೆ. ನೀವೂ ಅಕ್ಕನೂ ಹೊರಡಿ, ವಿಜಯಪುರದ ತನಕ ಹೋಗಿ ಬರೋಣ."

"ಊಟಕ್ಕೆ ಎಂತ ಮಾಡ್ತೀಯ?" ಎಂದಳು ಅವನ ಅಕ್ಕ.

"ನೀನಿದ್ದೀಯಲ್ಲ ಅಕ್ಕ!"

ಹೆಂಗಸರು ಪ್ರವಾಸ ಹೋಗುವುದೇ ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು. ಈ ಪುಣ್ಯಾತ್ಮ ಅಡುಗೆಮನೆಯನ್ನೇ ಪ್ರವಾಸ ಹೊರಡಿಸಿದ್ದ. ಬೇರೆ ಮನೆಯಾಗಿದ್ದರೆ ಅಲ್ಲೇ ಜಗಳ. ನನ್ನ ಹೆಂಡತಿ ಮಾತ್ರ ಗಾಡಿಯೊಳಗೆ ಹತ್ತಿ, ಒಲೆ ಹೊತ್ತಿಸಿ ನೋಡಿ, ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ, "ಸರಿ, ಹೋಟೆಲಿನ ವಿಷ ತಿನ್ನೋದು ತಪ್ಪಿತು" ಎಂದು ಒಪ್ಪಿಗೆ ಕೊಟ್ಟಳು.

ಆ ಒಪ್ಪಿಗೆಯ ಹಿಂದೆ ಒಂದು ಸಿದ್ಧಾಂತವಿದೆ. ನಮ್ಮ ಮನೆಯಲ್ಲಿ ರಾಸಾಯನಿಕಕ್ಕೆ ಹೊಸಿಲು ದಾಟಲು ಅಪ್ಪಣೆಯಿಲ್ಲ. ಅಕ್ಕಿ ಮಂಡಗದ್ದೆ ಕಡೆಯ ಪರಿಚಯದವರ ಗದ್ದೆಯದು, ಕೆಂಪಕ್ಕಿ. ಬೆಲ್ಲ ಕಪ್ಪಗಿರಬೇಕು. ಹೈಡ್ರೋಸ್ ಹಾಕಿ ಬಂಗಾರದ ಬಣ್ಣ ಬರಿಸಿದ ಅಚ್ಚು ಕಂಡರೆ ಅಂಗಡಿಯವನಿಗೆ ಅಲ್ಲೇ ಪಾಠವಾಗುತ್ತದೆ: ಹಿಂದೆಲ್ಲ ಆಲೆಮನೆಯಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು, ನೀವೇನು ಬಟ್ಟೆಗೆ ಹಾಕೋ ಬ್ಲೀಚು ತಿನ್ನಿಸ್ತೀರ? ಬಸಳೆ, ತೊಂಡೆ, ಹರಿವೆ ಹಿತ್ತಲಿನವು. ಗೊಬ್ಬರ ಪಕ್ಕದ ಮನೆಯ ಮಲೆನಾಡು ಗಿಡ್ಡ ಹಸುವಿನ ಕೃಪೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು, ಒಂದು ಮುಷ್ಟಿ ಮಣ್ಣು ಕಲಸಿ ಇಟ್ಟ ಜೀವಾಮೃತದ ಡ್ರಮ್ಮು ಹಿತ್ತಲ ಬಾಗಿಲಲ್ಲೇ ಇದೆ. ನಮ್ಮನೆಗೆ ಬರುವ ನೆಂಟರು ಹೆಚ್ಚು ದಿನ ನಿಲ್ಲದಿರುವುದಕ್ಕೆ ಅದೂ ಒಂದು ಕಾರಣ. ತೀರ್ಥಹಳ್ಳಿ ಕುರುವಳ್ಳಿಯ ಪುರುಷೋತ್ತಮ ರಾಯರಂಥವರು ಬಹಳ ಹಿಂದೆಯೇ ಸಾವಯವದ ಮಾತಾಡಿದ ಸೀಮೆ ನಮ್ಮದು, 2004ರಲ್ಲಿ ಸರ್ಕಾರವೇ ಸಾವಯವ ಕೃಷಿ ನೀತಿ ತಂದಿದೆ, ನಿಮಗೇನು ಕಷ್ಟ ಎನ್ನುತ್ತಾಳೆ. ನನಗೇನೂ ಕಷ್ಟವಿಲ್ಲ. ಸಕ್ರೆಬೈಲಿನ ಆನೆಗಳು ರಾತ್ರಿ ಕಾಡಿಗೆ ಹೋಗಿ ಬಿದಿರು ಸೊಪ್ಪು ಮೇಯುತ್ತವೆ, ಹಗಲು ಕ್ಯಾಂಪಿನಲ್ಲಿ ಹುಲ್ಲಿನೊಳಗೆ ಭತ್ತ ಬೆಲ್ಲ ಇಟ್ಟು ಕಟ್ಟಿದ ಕುಸುರೆ ತಿನ್ನುತ್ತವೆ. ಈ ಸೀಮೆಯಲ್ಲಿ ಏನನ್ನೂ ವಿಚಾರಿಸದೆ ಊಟ ಮಾಡುವವರು ಅವು ಮತ್ತು ನಾನು.

ಗಾಡಿಗೆ ಏರಿದ ಸಾಮಾನಿನ ಪಟ್ಟಿ ಹೇಳಿದರೆ ನೀವು ನಂಬುವುದಿಲ್ಲ. ಕೆಂಪಕ್ಕಿ, ಜೋನಿ ಬೆಲ್ಲ, ಅಪ್ಪೆ ಮಿಡಿ ಉಪ್ಪಿನಕಾಯಿಯ ಭರಣಿ, ಚಟ್ನಿಪುಡಿ, ಹಲಸಿನ ಹಪ್ಪಳ, ಸುಲಿದ ತೆಂಗಿನಕಾಯಿ, ಕುಟ್ಟಲು ಒಂದು ಕಲ್ಲು. ಭಾವಮೈದ "ಅಕ್ಕ, ಮಿಕ್ಸಿ ಇದೆ" ಎಂದರೂ ಕಲ್ಲು ಇಳಿಯಲಿಲ್ಲ. ನಮ್ಮ ಅಜ್ಜಂದಿರು ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಟಾಗಲೂ ಹೀಗೇ ಅಕ್ಕಿ, ಬೇಳೆ, ಬುತ್ತಿ, ಎತ್ತಿಗೆ ಹುಲ್ಲು ಎಲ್ಲ ತುಂಬುತ್ತಿದ್ದರು. ಮರದ ಕೆಳಗೆ ಮೂರು ಕಲ್ಲು ಹೂಡಿ ಬೇಯಿಸಿಕೊಂಡು ಉಣ್ಣುತ್ತಿದ್ದರು. ಅವರ ಗಾಡಿ ಬಾಗಿಲಿಗೆ ಬಂದು "ಒಳಗೆ ಯಾವ ಹೀರೋ ಇದಾರೆ?" ಎಂದು ಯಾರೂ ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕನ್ನಡನಾಡಿನಲ್ಲಿ ಕ್ಯಾರವಾನ್ ಅಂದರೆ ಸಿನಿಮಾದವರದು. ಶೂಟಿಂಗ್ ನಡೆಯುವ ಊರಲ್ಲಿ ಮರದ ನೆರಳಿಗೆ ನಿಂತಿರುತ್ತದೆ, ಒಳಗೆ ಎ.ಸಿ. ಓಡುತ್ತಿರುತ್ತದೆ, ಹೀರೋ ಹೊರಗೆ ಬರುವುದಿಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಮಾಡಿತು, ನಮ್ಮಲ್ಲೂ ಬಾಡಿಗೆಗೆ ಸಿಗುತ್ತವೆ ಎಂದೆಲ್ಲ ಭಾವಮೈದ ವಿವರಿಸುತ್ತಿದ್ದ. ಶಿಕಾರಿಪುರ ದಾಟಿ ಚಹಾಕ್ಕೆ ನಿಲ್ಲಿಸಿದಲ್ಲಿ ಈ ವಿವರಣೆಗೆ ಕಾದವರು ಯಾರೂ ಇರಲಿಲ್ಲ. "ಯಾರು ಸಾರ್ ಒಳಗೆ?" ಎಂದರು. ಯಾರೂ ಇಲ್ಲ, ನಾವೇ ಎಂದೆ. "ಯಾವೂರು?" ಗಾಜನೂರು ಎಂದೆ.

ಕೆಲಸ ಕೆಟ್ಟಿತು.

ಅಣ್ಣಾವ್ರ, ಅಂದರೆ ನಟ ರಾಜ್‌ಕುಮಾರ್ ಅವರ, ಗಾಜನೂರು ತಾಳವಾಡಿ ಸೀಮೆಯದು, ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ನಮ್ಮದು ತುಂಗೆಯ ದಂಡೆಯದು, ಎರಡಕ್ಕೂ ಸಂಬಂಧವಿಲ್ಲ. ಇದನ್ನು ನಾನು ಆಯುಷ್ಯವಿಡೀ ಹೇಳುತ್ತ ಬಂದಿದ್ದೇನೆ. ಬರಿಗೈಲಿ ಹೇಳಿದಾಗ ಜನ ನಂಬಿದ್ದಾರೆ ಕೂಡ. ಕ್ಯಾರವಾನಿನ ಮೆಟ್ಟಿಲ ಮೇಲೆ ನಿಂತು ಹೇಳಿದರೆ ಯಾರು ನಂಬುತ್ತಾರೆ? ಒಬ್ಬ ಹುಡುಗ ನನ್ನ ಮೂಗನ್ನು ಸ್ವಲ್ಪ ಹೊತ್ತು ನೋಡಿ, "ದೂರದ ಸಂಬಂಧ ಇರ್ಬೇಕು" ಎಂದು ಗೆಳೆಯನಿಗೆ ತೀರ್ಪು ಕೊಟ್ಟ. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಅಲ್ಲಿಂದಾಚೆಗೆ ನನ್ನ ಹೆಂಡತಿಯ ಸಾವಯವ ತನಿಖೆ ಮತ್ತು ಜನರ ಹೀರೋ ತನಿಖೆ ಎರಡೂ ಒಟ್ಟೊಟ್ಟಿಗೆ ನಡೆದವು.

ತನಿಖೆ ಬಿಸಿಯಾದದ್ದು ಹಾವೇರಿ ಜಿಲ್ಲೆಯ ಒಂದು ಸಂತೆಯಲ್ಲಿ. ಮನೆಯಿಂದ ತಂದ ಹರಿವೆ ಅಷ್ಟರಲ್ಲಿ ಫ್ರಿಜ್ಜಿನಲ್ಲೇ ಬಾಡಿತ್ತು. ದಾರಿಯುದ್ದಕ್ಕೂ ಶುಂಠಿ, ಮೆಕ್ಕೆಜೋಳ, ಹತ್ತಿ ಬೆಳೆದ ನೆಲ; ಅದರಲ್ಲಿ ಬುಟ್ಟಿಗೆ ಕಿತ್ತು ಹಾಕಿಕೊಳ್ಳುವಂಥದ್ದು ಏನೂ ಇಲ್ಲ. ಅವಳು ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹುಳ ಇರುವ ಬದನೆಕಾಯಿ ಒಳ್ಳೆಯದು, ಹುಳ ತಿಂದು ಬದುಕಿದೆ ಎಂದರೆ ನಾವೂ ಬದುಕುತ್ತೇವೆ ಎಂಬುದು ಅವಳ ಲೆಕ್ಕ. ತೂತು ಇರುವುದನ್ನೇ ಹುಡುಕಿ ಹುಡುಕಿ ಆರಿಸುವುದನ್ನು ಕಂಡು ಅಂಗಡಿಯವನಿಗೆ ಗಾಬರಿಯಾಯಿತು.

"ಅಕ್ಕಾರ, ಅವು ಕೆಟ್ಟವದಾವ್ರಿ, ಬಿಡ್ರಿ."

"ಅವೇ ಬೇಕು. ಇದಕ್ಕೆ ಔಷಧಿ ಹೊಡೆದಿಲ್ಲ ತಾನೆ?"

"ಹೊಡದೇವ್ರಿ. ಹುಳಕ್ಕ ಅದು ರೂಢಿ ಆಗೇತ್ರಿ."

ಇದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ಕೃಷಿ ವಿಶ್ವವಿದ್ಯಾಲಯದವರೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಲಾರರು. ಮೆಣಸಿನಕಾಯಿಯ ಕಡೆ ತಿರುಗಿದಳು. ಬ್ಯಾಡಗಿ ಹತ್ತಿರವೇ ಇತ್ತು, ಆಸೆ ಸಹಜ. "ಎಣ್ಣಿ ಹೊಡೀಲಾರದ ಮೆಣಸಿನಕಾಯಿ ಬೇಕಂದ್ರ ಕ್ಯಾಲೆಂಡರಿನ್ಯಾಗ ನೋಡಬೇಕ್ರಿ" ಎಂದ ಪಕ್ಕದವನು. ಆ ಕಡೆ ಹುಳದ ಔಷಧಿಗೆ ಎಣ್ಣೆ ಎನ್ನುತ್ತಾರೆ. ನಾನು ಸಮಾಧಾನಕ್ಕೆ, ನಮ್ಮೂರ ಡ್ಯಾಮಿನ ತುಂಗಾ ಮೇಲ್ದಂಡೆ ಕಾಲುವೆ ಹಾವೇರಿ ಜಿಲ್ಲೆಗೂ ಬರುತ್ತದೆ, ಈ ಬದನೆಕಾಯಿ ಕುಡಿದದ್ದು ನಮ್ಮ ತುಂಗೆಯ ನೀರೇ ಇದ್ದೀತು ಎಂದೆ. "ನೀರು ನಮ್ಮದು, ಎಣ್ಣೆ ಅವರದು" ಎಂದು ಎದ್ದುಬಿಟ್ಟಳು. ಅಂದು ಗಾಡಿಯಲ್ಲಿ ಅನ್ನ, ಅಪ್ಪೆ ಮಿಡಿ, ಹಪ್ಪಳ. ಮರುದಿನವೂ ಅದೇ. ಹಸಿವಿಗೆ ಅದು ಸಾಕಿತ್ತು. ಆದರೆ ಹೋಟೆಲುಗಳ ಮುಂದೆಯೇ ಗಾಡಿ ನಿಲ್ಲಿಸಿ ಒಳಗೆ ಹಪ್ಪಳ ಸುಡುವ ಕಷ್ಟ ಅನುಭವಿಸಿದವನಿಗೇ ಗೊತ್ತು.

ಪೇಟೆಗಳಲ್ಲಿ ಸಾವಯವ ಅಂಗಡಿಗಳೇನೋ ಇವೆ. ಭಾವಮೈದ ಮೊಬೈಲಿನಲ್ಲಿ ಹುಡುಕಿ, ಸಂದಿಗೊಂದಿಯಲ್ಲಿ ಆ ಆನೆಯಂಥ ಗಾಡಿ ನುಗ್ಗಿಸಿ, ಬಾಗಿಲಿಗೇ ತಂದು ನಿಲ್ಲಿಸಿದ. ಒಳಗೆ ನವಣೆ, ಸಾಮೆ, ಕೊರಲೆ, ಊದಲು ಎಲ್ಲ ಪ್ಯಾಕೆಟ್ಟಿನಲ್ಲಿ ಸಾಲಾಗಿ ಕೂತಿದ್ದವು, ಬೆಲೆ ಓದಲು ಕನ್ನಡಕ ಬೇಡ, ಧೈರ್ಯ ಬೇಕು. ತರಕಾರಿ? "ಮಂಗಳವಾರ ಬರ್ತದ್ರಿ." ಅಂದು ಬುಧವಾರ. ಮುಂದಿನ ಊರಿನ ಅಂಗಡಿಯಲ್ಲಿ ಶನಿವಾರ ಬರುತ್ತದಂತೆ. ನಾವು ಹೋದದ್ದು ಗುರುವಾರ. ಸಾವಯವ ತರಕಾರಿ ಬೆಳೆಯುವವರು ಕಡಿಮೆ, ಕಿತ್ತದ್ದು ಹೆಚ್ಚು ದಿನ ತಾಳುವುದಿಲ್ಲ, ಹಾಗಾಗಿ ವಾರಕ್ಕೊಂದು ದಿನ ಬೆಳಿಗ್ಗೆ ಬಂದು, ಮೊದಲೇ ಹೇಳಿಟ್ಟ ಖಾಯಂ ಗಿರಾಕಿಗಳ ಚೀಲ ಸೇರಿ, ಹತ್ತು ಗಂಟೆಗೆ ಮುಗಿದಿರುತ್ತದೆ. ಅದಕ್ಕೆ ಬೇಕಾದದ್ದು ಆ ಊರಿನ ವಾರ ಮತ್ತು ಆ ಊರಿನ ಪರಿಚಯ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಎನ್ನುವವನಿಗೆ ಇವೆರಡೂ ಇಲ್ಲ. ನಮ್ಮ ಮನೆಯ ಸಾವಯವವೂ ಮಂಡಗದ್ದೆಯವರ ಪರಿಚಯ, ಪಕ್ಕದ ಮನೆಯ ಹಸು, ಹಿತ್ತಲು, ಇಷ್ಟರ ಮೇಲೇ ನಿಂತದ್ದು. ಇವುಗಳಲ್ಲಿ ಯಾವುದೂ ಗಾಡಿ ಹತ್ತುವುದಿಲ್ಲ. ಕಲ್ಲು ಮಾತ್ರ ಹತ್ತಿತ್ತು.

ಪ್ಯಾಕೆಟ್ಟಿನ ಮುದ್ರೆಗಳ ಬಗ್ಗೆ ಭಾವಮೈದ ದಾರಿಯಲ್ಲಿ ಓದಿ ಹೇಳಿದ. ಸರ್ಟಿಫಿಕೇಟು ಸಿಗಬೇಕಾದರೆ ವಾರ್ಷಿಕ ಬೆಳೆಯ ಹೊಲ ಎರಡು ವರ್ಷ, ತೋಟವಾದರೆ ಮೂರು ವರ್ಷ ರಾಸಾಯನಿಕ ಬಿಟ್ಟಿರಬೇಕಂತೆ. ಇನ್ನೊಂದು ಪದ್ಧತಿಯಲ್ಲಿ ಅಕ್ಕಪಕ್ಕದ ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲಕ್ಕೆ ಇನ್ನೊಬ್ಬರು ಸಾಕ್ಷಿ ಹಾಕುತ್ತಾರಂತೆ. ಮೂರನೆಯದು ನನಗೆ ಬಹಳ ಹಿಡಿಸಿತು: ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಲ್ಲಿ, ತಾನೇ ಬೆಳೆದದ್ದನ್ನು ತಿನ್ನುವವನ ಕೈಗೇ ಮಾರುವ ಸಣ್ಣ ರೈತನಿಗೆ ಸರ್ಟಿಫಿಕೇಟಿನ ಹಂಗಿಲ್ಲ. ಎಂದರೆ ಕೇಳುವುದು, ನಂಬುವುದು. ಕೇಳುವ ಕೆಲಸದಲ್ಲಿ ನನ್ನ ಹೆಂಡತಿಯನ್ನು ಮೀರಿಸುವವರಿಲ್ಲ, ನಂಬುವುದರಲ್ಲಿ ಮಾತ್ರ ತೊಡಕು.

ಗದಗ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಎರೆ ಭೂಮಿ. ಹಿಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು. ಕಾಲುವೆ ಇಲ್ಲ, ಕೊಳವೆ ಬಾವಿ ಕಡಿಮೆ. ಮಣ್ಣು ಹಿಡಿದಿಟ್ಟುಕೊಂಡ ಹಸಿ, ಮುಂಜಾನೆಯ ಇಬ್ಬನಿ, ಇಷ್ಟರಲ್ಲೇ ಬೆಳೆಯುವ ಬೆಳೆ. ಇದಕ್ಕೆ ದುಡ್ಡು ಸುರಿದು ಎಣ್ಣೆ ಹೊಡೆಯುವ ಹುಚ್ಚು ಯಾರಿಗೂ ಇಲ್ಲ. ನನ್ನ ಹೆಂಡತಿ ಮೊದಲ ಸಲ ಕಿಟಕಿಯ ಗಾಜು ಇಳಿಸಿದಳು.

ಬಾದಾಮಿಯ ಹತ್ತಿರ ಬನಶಂಕರಿಯಲ್ಲಿ ಜಾತ್ರೆ ನಡೆದಿತ್ತು. ಬನದ ಹುಣ್ಣಿಮೆಯ ತೇರಿನಿಂದ ಹಿಡಿದು ವಾರಗಟ್ಟಲೆ ನಡೆಯುವ ಈ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ವೃತ್ತಿ ನಾಟಕ ಕಂಪನಿಗಳು ಇಲ್ಲಿ ಸಾಲಾಗಿ ಥಿಯೇಟರು ಹಾಕುತ್ತವೆ. ಇಂಥ ಕಡೆಗೆ ಬಿಳಿ ಕ್ಯಾರವಾನ್ ಬಂದು ನಿಂತರೆ ಏನಾಗಬೇಕೋ ಅದೇ ಆಯಿತು. "ಯಾವ ಕಂಪನಿಗ್ರಿ? ಹಿರೋಯಿನ್ನ ಯಾರ್ರಿ?" ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಇಳಿದಳು. ಜನ ಗೌರವದಿಂದ ದಾರಿ ಬಿಟ್ಟರು. ತಾಯಿಯ ಪಾತ್ರ ಎಂದುಕೊಂಡರೋ ಏನೋ, ನಾನು ಕೇಳಲು ಹೋಗಲಿಲ್ಲ.

ದೇವಸ್ಥಾನದ ಸುತ್ತ ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವರಲ್ಲಿ ವಯಸ್ಸಾದ ಒಬ್ಬಳ ಮುಂದೆ ಇವಳೂ ಕೂತಳು. ಆಕೆ ಬಿಳಿ ಅರಿವೆ ಸರಿಸಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ತೆಗೆದಳು. ತಟ್ಟೆ ಇಲ್ಲ, ರೊಟ್ಟಿಯೇ ತಟ್ಟೆ. ಅದರ ಮೇಲೆ ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ. ಮಣ್ಣಿನ ಕುಡಿಕೆಯನ್ನು ಬೋರಲು ಹಿಡಿದು ತೋರಿಸಿದಳು, ಮೊಸರು ಅಲುಗಲಿಲ್ಲ.

ಇವಳು ಶುರು ಮಾಡಿದಳು. "ಅವ್ವಾ, ಇದಕ್ಕೆಲ್ಲ ಎಣ್ಣೆ ಹೊಡೆದಿದ್ದೀರಾ?"

ಎಲ್ಲರಂತೆ ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ಆಕೆ ಒಂದೊಂದಕ್ಕೂ ಬೆರಳು ತೋರಿಸಿ ಲೆಕ್ಕ ಕೊಟ್ಟಳು. "ಜ್ವಾಳ ನಮ್ಮ ಹೊಲದ್ದವ್ವಾ, ಏನೂ ಹೊಡದಿಲ್ಲ. ಸಜ್ಜಿನೂ ಹಂಗ. ಶೇಂಗಾಕ ಸರ್ಕಾರಿ ಗೊಬ್ಬರ ಹಾಕೇವಿ, ಸುಳ್ಳ ಯಾಕ ಹೇಳ್ಲಿ. ಮಡಕಿಕಾಳ ತಂಗಿ ಕೊಟ್ಟಾಳ, ಅಕೀನ ಕೇಳಬೇಕ. ಮೊಸರ ಮನೀ ಎಮ್ಮೀದು. ಬದನಿಕಾಯಿ ಸಂತ್ಯಾಗಿಂದು, ಅದರ ಸುದ್ದಿ ನಂಗ ಗೊತ್ತಿಲ್ಲ. ಬ್ಯಾಡಂದ್ರ ತಗೀತೀನಿ."

ಯಾವ ಪ್ಯಾಕೆಟ್ಟಿನ ಮೇಲೂ ನಾನು ಇಂಥ ಬರಹ ಓದಿಲ್ಲ. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬದನೆಕಾಯಿ ಸಮೇತ ತಿಂದಳು. ಇನ್ನೊಂದು ರೊಟ್ಟಿ ಕೇಳಿದಳು. ಅದರ ಮೇಲೂ ಬದನೆಕಾಯಿ ಹಾಕಿಸಿಕೊಂಡಳು. ಭಾವಮೈದ ಫೋಟೋ ತೆಗೆಯಲು ಹೋಗಿ ಬೈಸಿಕೊಂಡ. ವಿಜಯಪುರದ ತನಕ ಮತ್ತೆ ಗಾಡಿಯಲ್ಲಿ ಒಲೆ ಹೊತ್ತಲಿಲ್ಲ. ಊರೂರಿನ ರೊಟ್ಟಿ, ಹಿಂಡಿ, ಮೊಸರಿನಲ್ಲೇ ದಾರಿ ಸಾಗಿತು. ಕಲ್ಲು ಬಳಕೆಯಾದದ್ದು ಒಂದೇ ಸಲ, ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದಾಗ ಚಕ್ರಕ್ಕೆ ಒಡ್ಡಲು.

ಉತ್ತರದ ಕಡೆ ಹೊರಡುವವರಿಗೆ ನನ್ನದೊಂದು ಸಲಹೆ. ಅಕ್ಕಿ ಮೂಟೆ ಹೊರಬೇಡಿ. ಯಾವ ಊರಿಗೆ ಯಾವ ದಿನ ಸಂತೆ ಎಂದು ಮೊದಲೇ ವಿಚಾರಿಸಿಕೊಂಡು ದಾರಿ ಹಾಕಿಕೊಳ್ಳಿ, ಆಯಾ ಸೀಮೆಯ ಮಳೆಗೆ ಬೆಳೆದದ್ದನ್ನು ತಿನ್ನಿ. ಬನಶಂಕರಿಗೆ ಹೋದರೆ ಚಿಲ್ಲರೆ ಇಟ್ಟುಕೊಂಡಿರಿ, ಬದನೆಕಾಯಿ ಎಲ್ಲಿಯದೆಂದು ಧಾರಾಳವಾಗಿ ಕೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಕ್ಯಾರವಾನ್ ಇದ್ದರೆ ಮಾತ್ರ ದೂರ ನಿಲ್ಲಿಸಿ ನಡೆದು ಹೋಗಿ. ಊರು ಯಾವುದೆಂದು ಕೇಳಿದರೆ ಶಿವಮೊಗ್ಗ ಎಂದಷ್ಟೇ ಹೇಳಿ.